ಸೆಕೆಂಡ್ ಹ್ಯಾಂಡ್ ಎಸ್‌ಯುವಿ: ಮನೆಮಂದಿಯನ್ನು ಕೂರಿಸುವ ಮೊದಲು ಕಾಗದ ನೋಡಿ

"ಮನೆಗೊಂದು ಎಸ್‌ಯುವಿ ಬೇಕು, ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ, ಟಾಪ್ ಎಂಡ್ ಬೇಡ, ಬೇಸ್ ಮಾಡೆಲೂ ಬೇಡ. ಯಾವುದು ತಗೊಳ್ಳಲಿ?" ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಯಾವ ಗಾಡಿ ಅನ್ನುವುದಕ್ಕಿಂತ ಯಾರ ಗಾಡಿ ಅನ್ನುವುದು ದೊಡ್ಡ ಪ್ರಶ್ನೆ. ಒಳ್ಳೆಯ ಕಂಪನಿಯ ಗಾಡಿಯೂ ಕೆಟ್ಟ ಕೈಯಲ್ಲಿ ನಾಲ್ಕು ವರ್ಷ ಓಡಿದರೆ ಮುಗಿಯಿತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಕ್ಕಳನ್ನು ಮೊದಲ ದಿನವೇ ಗಾಡಿ ನೋಡಲು ಕರೆದುಕೊಂಡು ಹೋಗಬೇಡಿ. ಅವರು ಹಿಂದಿನ ಸೀಟಿನಲ್ಲಿ ಕೂತು "ಅಪ್ಪಾ, ಇದೇ" ಅಂದ ಮೇಲೆ ನಿಮ್ಮ ಕಣ್ಣಿಗೆ ಯಾವ ದೋಷವೂ ಕಾಣುವುದಿಲ್ಲ. ಮಾರುವವನಿಗೂ ಅದು ಗೊತ್ತು.

1. ನಿಮ್ಮ ಓಡಾಟ ಬರೆದಿಡಿ

ಒಂದು ವಾರ ನೀವು ಎಲ್ಲೆಲ್ಲಿ ಓಡಾಡುತ್ತೀರಿ ಅಂತ ಸುಮ್ನೆ ಒಂದು ಚೀಟಿಯಲ್ಲಿ ಬರೆಯಿರಿ. ಪೆಟ್ರೋಲ್ ಬೇಕೋ ಡೀಸೆಲ್ ಬೇಕೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮಕ್ಕಳ ಶಾಲೆ, ಸೂಪರ್ ಮಾರ್ಕೆಟ್, ಆಫೀಸು, ಸಂಜೆ ಶರಣಬಸವೇಶ್ವರ ಗುಡಿ, ಇಷ್ಟೇ ಆದರೆ ಪೆಟ್ರೋಲ್ ತಗೊಳ್ಳಿ. ಕಾರಣ ಇದೆ. 2020ರ ಏಪ್ರಿಲ್ 1ರಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು. ಆಮೇಲೆ ಬಂದ ಡೀಸೆಲ್ ಗಾಡಿಗಳಲ್ಲಿ ಡಿಪಿಎಫ್ ಇರುತ್ತದೆ. ಅಂದರೆ ಸೈಲೆನ್ಸರ್ ಹಾದಿಯಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಜಾಲರಿ. ಗಾಡಿ ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿದಾಗ ಆ ಮಸಿ ಬಿಸಿಗೆ ಸುಟ್ಟುಹೋಗುತ್ತದೆ. ದಿನಾ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಸುಡುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ನೀವು ವರ್ಕ್‌ಶಾಪಿಗೆ ಓಡುತ್ತೀರಿ.

ವಾರಕ್ಕೊಮ್ಮೆ ಹೈದರಾಬಾದ್, ಸೊಲ್ಲಾಪುರ ಅಂತ ಹೋಗುವವರಿಗೆ, ಅಥವಾ ಅಫಜಲಪುರ, ಸುರಪುರ ಕಡೆ ಊರು-ಹೊಲ ಇರುವವರಿಗೆ ಡೀಸೆಲ್ ಈಗಲೂ ಲಾಭವೇ. ಒಂದು ಸಂಗತಿ ನೆನಪಿರಲಿ: ಮಾರುತಿ 2020ರಲ್ಲಿ ಡೀಸೆಲ್ ಬಿಟ್ಟಿತು. ಅದಕ್ಕೂ ಮುಂಚಿನ, ಅಂದರೆ 2016ರಿಂದ 2020ರ ಆರಂಭದವರೆಗಿನ ಬ್ರೆಝಾ ಡೀಸೆಲ್‌ನಲ್ಲಿ ಮಾತ್ರ ಬರುತ್ತಿತ್ತು. "2018ರ ಪೆಟ್ರೋಲ್ ಬ್ರೆಝಾ ಇದೆ ಸರ್" ಅಂತ ಯಾರಾದರೂ ಹೇಳಿದರೆ ಫೋನ್ ಇಡಿ.

ಎಷ್ಟು ಜನ ಅನ್ನುವುದನ್ನೂ ಬರೆಯಿರಿ. ನಾಲ್ಕು ಜನಕ್ಕೆ ನಾಲ್ಕು ಮೀಟರ್ ಒಳಗಿನ ವೆನ್ಯೂ, ನೆಕ್ಸಾನ್, ಸೋನೆಟ್, ಬ್ರೆಝಾ, ಎಕ್ಸ್‌ಯುವಿ 300 ಸಾಕು. ಅಜ್ಜ-ಅಜ್ಜಿಯೂ ಸೇರಿದರೆ ಕ್ರೆಟಾ, ಸೆಲ್ಟೋಸ್ ಅಳತೆಯದು ಬೇಕು. ನಿಜವಾಗಿಯೂ ಏಳು ಜನ ಓಡಾಡುವ ಮನೆಯಾದರೆ ಎಸ್‌ಯುವಿ ಹಟ ಬಿಟ್ಟು ಎರ್ಟಿಗಾ ನೋಡಿ ಅಂತಲೇ ನನ್ನ ಸಲಹೆ. ಬೊಲೆರೊದ ಹಿಂದಿನ ಅಡ್ಡ ಸೀಟಿನಲ್ಲಿ ಗಾಣಗಾಪುರದವರೆಗೆ ಕೂತು ಹೋದವರಿಗೆ ಇದು ಅರ್ಥವಾಗುತ್ತದೆ.

2. ಮಿಡ್ ವೇರಿಯಂಟ್ ಅಂದರೆ ಏನು ಬೇಕು, ಏನು ಬೇಡ

ಒಂದೇ ಗಾಡಿ ಮೂರ್ನಾಲ್ಕು ದರ್ಜೆಯಲ್ಲಿ ಬರುತ್ತದೆ. ಕೆಳಗಿನದು ಬೇಸ್, ಮೇಲಿನದು ಟಾಪ್ ಎಂಡ್, ನಡುವಿನದೇ ಮಿಡ್. ಪೆಟ್ರೋಲ್ ಬ್ರೆಝಾದಲ್ಲಿ ವಿಎಕ್ಸ್‌ಐ, ಕ್ರೆಟಾ ಮತ್ತು ವೆನ್ಯೂದಲ್ಲಿ ಎಸ್, ಹಳೆಯ ನೆಕ್ಸಾನ್‌ನಲ್ಲಿ ಎಕ್ಸ್‌ಎಂ, ಸೆಲ್ಟೋಸ್ ಮತ್ತು ಸೋನೆಟ್‌ನಲ್ಲಿ ಎಚ್‌ಟಿಕೆ, ಎಕ್ಸ್‌ಯುವಿ 300ರಲ್ಲಿ ಡಬ್ಲ್ಯೂ 6. ಈ ಹೆಸರುಗಳು ಗೊತ್ತಿರಲಿ.

ನಮ್ಮ ಕಡೆಗೆ ಮಿಡ್ ಯಾಕೆ ಸರಿ ಅಂದರೆ, ಟಾಪ್ ಎಂಡ್‌ಗೆ ಜಾಸ್ತಿ ಕೊಡುವ ದುಡ್ಡಿನಲ್ಲಿ ಒಂದು ಭಾಗ ಸನ್‌ರೂಫ್‌ಗೆ ಹೋಗುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ತಲೆಯ ಮೇಲೆ ಗಾಜು ಯಾರಿಗೆ ಬೇಕು? ಹಳೆಯದಾದ ಮೇಲೆ ಅದರ ರಬ್ಬರ್ ಒಣಗಿ ಮಳೆಗಾಲದಲ್ಲಿ ಸೋರುವುದು ಬೇರೆ.

ಬಿಡಬಾರದ್ದು ಇವು: ಕನಿಷ್ಠ ಎರಡು ಏರ್‌ಬ್ಯಾಗ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಹಿಡಿದುಕೊಂಡು ಜಾರದಂತೆ ತಡೆಯುವ ವ್ಯವಸ್ಥೆ), ಹಿಂದಿನ ಸೀಟಿಗೆ ಎಸಿ ಗಾಳಿ ಬರುವ ಕಿಂಡಿ, ಹಿಂದಿನ ಗಾಜಿಗೆ ವೈಪರ್. ಹಿಂದಿನ ಎಸಿ ಕಿಂಡಿ ಕೆಲವು ಗಾಡಿಗಳ ಕೆಳ ದರ್ಜೆಯಲ್ಲಿ ಇರುವುದಿಲ್ಲ. ನಮ್ಮ ಬಿಸಿಲಿಗೆ ಅದೊಂದು ಇಲ್ಲದಿದ್ದರೆ ಹಿಂದೆ ಕೂತವರು ಊರು ಸೇರುವಷ್ಟರಲ್ಲಿ ಬೆಂದಿರುತ್ತಾರೆ.

ಎಚ್ಚರ: ಬೇಸ್ ಗಾಡಿಗೆ ಹೊರಗಿನಿಂದ ಅಲಾಯ್ ಚಕ್ರ, ದೊಡ್ಡ ಸ್ಕ್ರೀನು, ಹೊಸ ಸೀಟ್ ಕವರ್ ಹಾಕಿಸಿ ಮಿಡ್ ಅಂತ ಮಾರುತ್ತಾರೆ. ಹಿಂದಿನ ಬಾಗಿಲಿನ ಮೇಲಿನ ಅಕ್ಷರ ನಂಬಬೇಡಿ, ಅವು ಅಂಗಡಿಯಲ್ಲಿ ಸಿಗುತ್ತವೆ. ವಿಮೆ ಪಾಲಿಸಿಯಲ್ಲಿ ವೇರಿಯಂಟ್ ಹೆಸರು ಬರೆದಿರುತ್ತದೆ, ಅದನ್ನು ನೋಡಿ.

3. ನಂಬರ್ ಪ್ಲೇಟ್ ಎಲ್ಲಿಯದು?

ಈ ಹಂತದಲ್ಲಿ ನಮ್ಮ ಭಾಗದವರು ಎಡವುವಷ್ಟು ಬೇರೆ ಯಾರೂ ಎಡವುವುದಿಲ್ಲ. ಗಡಿ ಹತ್ತಿರ ಅಲ್ವಾ. ಕಲಬುರಗಿಯ ಕೆಎ 32, ಯಾದಗಿರಿಯ ಕೆಎ 33, ಬೀದರಿನ ಕೆಎ 38, ಭಾಲ್ಕಿಯ ಕೆಎ 39 ಇವುಗಳ ಮಧ್ಯೆ ಹೈದರಾಬಾದಿನ ಟಿಎಸ್ (2024ರ ಮಾರ್ಚ್‌ನಿಂದ ಹೊಸ ಗಾಡಿಗಳಿಗೆ ಟಿಜಿ), ಸೊಲ್ಲಾಪುರದ ಎಂಎಚ್ 13, ಲಾತೂರಿನ ಎಂಎಚ್ 24 ಗಾಡಿಗಳೂ ಮಾರಾಟಕ್ಕೆ ನಿಂತಿರುತ್ತವೆ. ಬೆಲೆ ಕೇಳಿದರೆ ಇಲ್ಲಿನದಕ್ಕಿಂತ ಕಡಿಮೆ.

ಯಾಕೆ ಕಡಿಮೆ? ಆ ಗಾಡಿ ಕರ್ನಾಟಕಕ್ಕೆ ಇನ್ನೂ ತೆರಿಗೆ ಕಟ್ಟಿಲ್ಲ. ನಮ್ಮಲ್ಲಿ ಕಾರಿಗೆ ಜೀವಾವಧಿ ತೆರಿಗೆ ಇದೆ. ಹೊರರಾಜ್ಯದ ಗಾಡಿಯನ್ನು ಇಲ್ಲಿಗೆ ತಂದು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವಾಗ, ಅದು ಹೊಸದಾಗಿದ್ದಾಗಿನ ಬೆಲೆ ಮತ್ತು ಈಗಿನ ವಯಸ್ಸು ನೋಡಿ ಆ ತೆರಿಗೆಯನ್ನು ನೀವು ಕಟ್ಟಬೇಕು. ಗಾಡಿ ಎಷ್ಟು ಹೊಸದೋ ಅಷ್ಟು ಜಾಸ್ತಿ. ಹಳೆಯ ರಾಜ್ಯದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗ ವಾಪಸ್ ಕೇಳಬಹುದು ಅಂತ ಡೀಲರ್ ಹೇಳುತ್ತಾನೆ. ಕೇಳಬಹುದು ನಿಜ. ಆದರೆ ಆ ದುಡ್ಡು ಬರುತ್ತೆ ಅಂತ ಬಜೆಟ್ ಹಾಕಬೇಡಿ.

ಹಾಗಾಗಿ ಟೋಕನ್ (ಮುಂಗಡ) ಕೊಡುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ, ಆರ್‌ಸಿ (ಗಾಡಿಯ ನೋಂದಣಿ ಪತ್ರ) ಜೆರಾಕ್ಸ್ ತೋರಿಸಿ, "ಇದಕ್ಕೆ ಎಷ್ಟು ತೆರಿಗೆ ಬೀಳುತ್ತೆ?" ಅಂತ ಲೆಕ್ಕ ಹಾಕಿಸಿ. ಆ ಮೊತ್ತ ಸೇರಿಸಿದ ಮೇಲೂ ಅಗ್ಗ ಅನಿಸಿದರೆ ಮುಂದುವರಿಯಿರಿ. ನಾನು ಲೆಕ್ಕ ಹಾಕಿಸಿದ ಬಹಳಷ್ಟು ಸಲ ಅಗ್ಗ ಉಳಿದಿರಲಿಲ್ಲ.

"ಟಿಎಸ್ ಪ್ಲೇಟ್‌ನಲ್ಲೇ ಓಡಿಸಿ ಸರ್, ಯಾರೂ ಕೇಳಲ್ಲ" ಅನ್ನುವವರೂ ಇದ್ದಾರೆ. ಹೊರರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಪಡೆಯಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವುದು ಇದನ್ನೇ. ಆರ್‌ಸಿ ಬೇರೆಯವರ ಹೆಸರಲ್ಲಿರುವಾಗ ಅಪಘಾತವಾದರೆ ವಿಮೆ ಹಣಕ್ಕೂ ಕಷ್ಟ.

ಕೆಎ 32 ಗಾಡಿಯನ್ನು ಬೀದರಿನವರು ತಗೊಂಡರೆ ಈ ಗೋಳಿಲ್ಲ. ಹೊಸ ತೆರಿಗೆಯೂ ಇಲ್ಲ, ನಂಬರೂ ಬದಲಾಗುವುದಿಲ್ಲ.

4. ಮನೆಯಲ್ಲೇ ಕೂತು ಜಾತಕ ನೋಡಿ

ಗಾಡಿ ನೋಡಲು ಹೋಗುವ ಮುಂಚೆ ಮಾರುವವರಿಂದ ವಾಟ್ಸಾಪ್‌ನಲ್ಲಿ ಎರಡು ಫೋಟೊ ತರಿಸಿಕೊಳ್ಳಿ: ಆರ್‌ಸಿ, ಈಗಿನ ವಿಮೆ ಪಾಲಿಸಿ. ಕಳಿಸಲು ಹಿಂದೆ ಮುಂದೆ ನೋಡಿದರೆ ಆ ಗಾಡಿ ಬಿಟ್ಟುಬಿಡಿ.

ಪರಿವಾಹನ್ ಜಾಲತಾಣ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ. ನೋಂದಣಿ ದಿನಾಂಕ, ಇಂಧನ, ವಿಮೆ ಯಾವತ್ತಿನವರೆಗೆ ಅನ್ನುವುದು ಬರುತ್ತದೆ. ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಅದಕ್ಕೆ ಹೈಪಾಥಿಕೇಶನ್ ಅನ್ನುತ್ತಾರೆ, ಮಾತಿನಲ್ಲಿ ಎಚ್‌ಪಿ. ಸಾಲ ತೀರಿದ್ದರೂ ಎಚ್‌ಪಿ ತೆಗೆಸದೇ ಬಿಟ್ಟವರು ಬಹಳ. ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಇಲ್ಲದೆ ಅದು ಹೋಗುವುದಿಲ್ಲ. ತೆಗೆಸಿಕೊಡುವುದು ಮಾರುವವರ ಕೆಲಸ, ನಿಮ್ಮದಲ್ಲ. ಇ-ಚಲನ್ ದಂಡ ಬಾಕಿ ಇದೆಯಾ ಅದನ್ನೂ ನೋಡಿ.

ಈಗ ವಿಮೆ ಪಾಲಿಸಿ. ಅದರಲ್ಲಿ ಎನ್‌ಸಿಬಿ ಅಂತ ಒಂದು ಶೇಕಡಾವಾರು ಇರುತ್ತದೆ. ಕ್ಲೇಮ್ ಮಾಡದೆ ವರ್ಷ ಕಳೆದರೆ ವಿಮೆ ಕಂಪನಿ ಕೊಡುವ ರಿಯಾಯಿತಿ ಅದು. ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಮ್ಮೆ ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಆರು ವರ್ಷದ ಸಿಂಗಲ್ ಓನರ್ ಗಾಡಿ, "ಒಂದು ಗೀರೂ ಬಿದ್ದಿಲ್ಲ ಸರ್" ಅನ್ನುತ್ತಾರೆ, ಪಾಲಿಸಿಯಲ್ಲಿ ಎನ್‌ಸಿಬಿ ಶೇ 20 ಇದೆ. ಹಾಗಾದರೆ ಎರಡು ವರ್ಷದ ಹಿಂದೆ ಏನಾಯಿತು? ಕೇಳಿ. ವಿಮೆ ನಡುವೆ ನಿಂತುಹೋಗಿದ್ದರೂ ಹೀಗಾಗಬಹುದು, ಆದರೆ ಉತ್ತರ ಬೇಕು.

ಕೊನೆಗೆ ಆ ಕಂಪನಿಯ ಸರ್ವಿಸ್ ಸೆಂಟರಿನಿಂದ ಸರ್ವಿಸ್ ದಾಖಲೆ ತರಿಸಲು ಹೇಳಿ. ಪ್ರತಿ ಸಲ ಗಾಡಿ ಬಿಟ್ಟಾಗ ಎಷ್ಟು ಕಿಲೋಮೀಟರ್ ಆಗಿತ್ತು ಅಂತ ಅಲ್ಲಿ ಬರೆದಿರುತ್ತಾರೆ. ಮೀಟರ್ ಹಿಂದೆ ತಿರುಗಿಸಿದ್ದರೆ ಸಿಕ್ಕಿಬೀಳುವುದು ಇಲ್ಲೇ.

5. ಬೆಳಗ್ಗೆ ಹೋಗಿ, ಇಂಜಿನ್ ತಣ್ಣಗಿರುವಾಗ

ಹಿಂದಿನ ದಿನವೇ ಹೇಳಿ: "ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ." ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಪಡಿ.

ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತು ಸೈಲೆನ್ಸರ್ ನೋಡಿ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಕೂಲೆಂಟ್ ನೀರು ಒಳಗೆ ಹೋಗುತ್ತಿದೆ. ಇವೆರಡಕ್ಕೂ ಅಲ್ಲಿಂದಲೇ ವಾಪಸ್ ಬನ್ನಿ. ಡೀಸೆಲ್‌ನಲ್ಲಿ ಗಟ್ಟಿ ಕಪ್ಪು ಹೊಗೆ ಬಂದರೆ ಇಂಜೆಕ್ಟರ್, ಟರ್ಬೊ ನೋಡಿಸಬೇಕು. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಒಳಭಾಗ ನೋಡಿ. ಹಾಲಿನ ಕೆನೆಯಂಥದ್ದು ಅಂಟಿದ್ದರೆ ಅಲ್ಲಿಯೂ ನೀರು ಸೇರಿದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. ಈಗ ಲೆಕ್ಕ ಮಾಡಿ: ಗಾಡಿ 2019ರದು, ಮೀಟರ್ 28 ಸಾವಿರ ತೋರಿಸುತ್ತಿದೆ, ಆದರೆ ನಾಲ್ಕೂ ಟೈರು 2023ರವು. ಅಷ್ಟು ಕಡಿಮೆ ಓಡಿದ ಗಾಡಿಗೆ ನಾಲ್ಕು ಹೊಸ ಟೈರು ಯಾಕೆ ಬೇಕಾಯಿತು? ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗಿನ ಚರ್ಮ, ಡ್ರೈವರ್ ಸೀಟಿನ ಬಲ ಅಂಚು ಸವೆದಿದ್ದರೂ ಅದೇ ಕಥೆ.

ಠೋಕಿದ ಗಾಡಿಯೋ ಅಂತ ತಿಳಿಯಲು ಬಾನೆಟ್ ಮತ್ತು ಬಾಗಿಲುಗಳ ಬೋಲ್ಟ್ ನೋಡಿ. ಕಂಪನಿಯಿಂದ ಬಂದ ಬೋಲ್ಟ್ ಮೇಲೆ ಬಣ್ಣ ಒಡೆದಿರುವುದಿಲ್ಲ. ಸ್ಪಾನರ್ ತಾಗಿದ ಗುರುತಿದ್ದರೆ ಆ ಭಾಗ ಬಿಚ್ಚಿದ್ದಾರೆ. ಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಎಳೆದು ಅಡಿಯ ವೆಲ್ಡಿಂಗ್ ಚುಕ್ಕೆಗಳನ್ನು ನೋಡಿ. ಒಂದೇ ಅಂತರದಲ್ಲಿ ಸಾಲಾಗಿದ್ದರೆ ಸರಿ. ಬಂಪರ್ ಗೀರು, ಒಂದು ಬಾಗಿಲಿಗೆ ಬಣ್ಣ, ಇವೆಲ್ಲ ನಮ್ಮ ಮಾರ್ಕೆಟ್ ಸಂದಣಿಯಲ್ಲಿ ಆಗುವಂಥವೇ. ಕಂಬಕ್ಕೆ, ಅಂದರೆ ಛಾವಣಿ ಹೊತ್ತ ಪಿಲ್ಲರ್‌ಗೆ ಕೈ ಹಾಕಿದ ಗಾಡಿ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ.

ನೀರಿನಲ್ಲಿ ಮುಳುಗಿದ ಗಾಡಿ ನಮ್ಮ ಭಾಗದ ದೊಡ್ಡ ಭಯ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ಬಡಾವಣೆಗಳಿಗೆ ನೀರು ನುಗ್ಗಿ ಕಾರುಗಳು ತೇಲಿದ್ದು ಎಲ್ಲರೂ ಟಿವಿಯಲ್ಲಿ ನೋಡಿದ್ದೇ. ಅದೇ ತಿಂಗಳು ಇತ್ತ ಭೀಮಾ ನದಿಯೂ ಉಕ್ಕಿತ್ತು. ಅಂಥ ಗಾಡಿಗಳು ತೊಳೆದು ಒರೆಸಿಕೊಂಡು ಬೇರೆ ಊರಿನ ಮಾರುಕಟ್ಟೆಗೆ ಬರುತ್ತವೆ. ಪತ್ತೆ ಹಚ್ಚಲು ಸುಲಭದ ದಾರಿ ಸೀಟ್ ಬೆಲ್ಟ್. ಅದನ್ನು ತುದಿಯವರೆಗೂ ಎಳೆಯಿರಿ. ಹಿಂದೊಮ್ಮೆ ಒಂದು ಯಾರ್ಡಿನಲ್ಲಿ ಹೊಳೆಯುವ ಗಾಡಿಯೊಂದರ ಬೆಲ್ಟ್ ಎಳೆದೆ. ಕೊನೆಯ ಒಂದು ಗೇಣು ಪೂರ್ತಿ ಕಂದು ಬಣ್ಣ, ಮೇಲೆ ಗೆರೆ ಹೊಡೆದ ಹಾಗೆ ಒಂದು ಕಲೆ. "ಚಹಾ ಚೆಲ್ಲಿದ್ದು ಸರ್" ಅಂದ ಹುಡುಗ. ಇನ್ನೊಂದು ಕಡೆಯ ಬೆಲ್ಟ್ ಎಳೆದೆ. ಅದೇ ಎತ್ತರಕ್ಕೆ ಅದೇ ಚಹಾ!

ಹಾಗೆಯೇ ಸ್ಟೆಪ್ನಿ ಇಡುವ ಗುಂಡಿ, ಮ್ಯಾಟಿನ ಅಡಿ, ಸೀಟಿನ ಹಳಿಗಳಲ್ಲಿ ತುಕ್ಕು ಅಥವಾ ಒಣಗಿದ ಮಣ್ಣು ಇದೆಯಾ ನೋಡಿ. ಒಳಗೆ ಸುಗಂಧ ಜೋರಾಗಿದ್ದರೆ ಅದನ್ನು ತೆಗೆಸಿ ಹತ್ತು ನಿಮಿಷ ಕಿಟಕಿ ಮುಚ್ಚಿ ಕೂರಿ.

ಇಲ್ಲಿಯ ಗಾಡಿಯೇ ಆದರೆ ಎರಡು ಸ್ಥಳೀಯ ಪರೀಕ್ಷೆ. ಹೊಲದ ಕಡೆ ಓಡಿದ ಗಾಡಿಯ ಚಕ್ರದ ಕಮಾನಿನೊಳಗೆ ಎರೆಮಣ್ಣು ಹೆಪ್ಪುಗಟ್ಟಿರುತ್ತದೆ. ಅದು ತೇವ ಹಿಡಿದು ಕೂರುವುದರಿಂದ ಅಡಿಯ ತಗಡು ತುಕ್ಕು ಹಿಡಿಯುತ್ತದೆ. ಬೆರಳು ಹಾಕಿ ಕೆರೆದು ನೋಡಿ. ಇನ್ನು ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯ ಗಾಡಿಯಾದರೆ ಏರ್ ಫಿಲ್ಟರ್ ಡಬ್ಬಿ ತೆರೆಸಿ. ಸಿಮೆಂಟ್ ದೂಳು ಫಿಲ್ಟರ್ ದಾಟಿ ಒಳಬದಿಯಲ್ಲೂ ಕೂತಿದ್ದರೆ ಆ ಇಂಜಿನ್ ದೂಳು ಕುಡಿದಿದೆ.

6. ಮಧ್ಯಾಹ್ನ ಮತ್ತೊಮ್ಮೆ ಹೋಗಿ, ಈ ಸಲ ಮನೆಮಂದಿ ಜೊತೆ

ಎಸಿ ಪರೀಕ್ಷೆಗೆ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯೇ ಸರಿ. ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಎಲ್ಲರೂ ಕೂತು ಎಸಿ ಹಾಕಿ, ನಿಂತಲ್ಲೇ ಹದಿನೈದು ನಿಮಿಷ ಬಿಡಿ. ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ ಅಂದರೆ ಕೂಲಿಂಗ್ ಫ್ಯಾನ್ ಅಥವಾ ಗ್ಯಾಸ್ ಕಡೆ ತೊಂದರೆ ಇದೆ. ಇಂಜಿನ್ ಬಿಸಿಯ ಮುಳ್ಳಿನ ಮೇಲೂ ಕಣ್ಣಿರಲಿ.

ಅಜ್ಜಿ ಸೀರೆಯಲ್ಲಿ ಹತ್ತಿ ಇಳಿಯಲಿ. ಹಿಂದೆ ಮೂವರು ಕೂರಲಿ. ಕ್ಲಚ್, ಗೇರ್, ಬ್ರೇಕ್ ನಿಮಗೆ ಗೊತ್ತಾಗದಿದ್ದರೆ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕೂಲಿ ಕೊಟ್ಟೇ ಕರೆದೊಯ್ಯಿರಿ. ಅವರ ಬಳಿ ಓಬಿಡಿ ಸ್ಕ್ಯಾನರ್ ಇರಲಿ. ಸ್ಟೇರಿಂಗ್ ಅಡಿ ಸಿಕ್ಕಿಸಿದರೆ ಗಾಡಿಯ ಕಂಪ್ಯೂಟರ್ ನೆನಪಿಟ್ಟ ದೋಷಗಳನ್ನು ಓದುವ ಸಾಧನ ಅದು. ಡೀಲರ್ ತೋರಿಸಿದ ಮೆಕ್ಯಾನಿಕ್ ಬೇಡ.

ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಬೇಕಂತಲೇ ಕೆಟ್ಟ ರಸ್ತೆಗೆ ಇಳಿಸಿ. ಹುಡುಕುವುದು ಕಷ್ಟವಿಲ್ಲ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಟಕ್ ಟಕ್ ಸದ್ದು ಬರುತ್ತಾ ಕೇಳಿ.

7. ಬೆಲೆ ಮಾತು

"ನಾನು ತಗೊಂಡಾಗ ಇಷ್ಟು ಲಕ್ಷ ಕೊಟ್ಟಿದ್ದೆ" ಅಂತ ಹಳೆಯ ಬಿಲ್ ತೋರಿಸುತ್ತಾರೆ. ಆ ಬಿಲ್ ಪಕ್ಕಕ್ಕಿಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಜಿಎಸ್‌ಟಿ ಇಳಿದಿದೆ. ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಗಾಡಿಗಳಿಗೆ ಈಗ ಶೇ 18. ದೊಡ್ಡವಕ್ಕೆ ಶೇ 40, ಆದರೆ ಮೊದಲಿನ ಸೆಸ್ (ಜಿಎಸ್‌ಟಿ ಮೇಲಿನ ಹೆಚ್ಚುವರಿ ತೆರಿಗೆ) ಇಲ್ಲ. ಹಾಗಾಗಿ ಅದೇ ವೇರಿಯಂಟ್ ಇವತ್ತು ಶೋರೂಮಿನಲ್ಲಿ ಆನ್‌ರೋಡ್ (ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ) ಎಷ್ಟು ಅಂತ ಕೇಳಿ, ಅಲ್ಲಿಂದ ಕೆಳಗೆ ಇಳಿಯುತ್ತಾ ಬನ್ನಿ. ಪಾಲಿಸಿಯಲ್ಲಿ ಐಡಿವಿ ಅಂತ ಇರುತ್ತದೆ, ಗಾಡಿ ಪೂರ್ತಿ ಹೋದರೆ ವಿಮೆ ಕಂಪನಿ ಕೊಡುವ ಮೊತ್ತ. ಮಾತಿಗೆ ಅದೊಂದು ಆಸರೆ.

ಟೈರು, ಬ್ಯಾಟರಿ, ಮುಂದಿನ ಸರ್ವಿಸ್, ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ನಂಬರ್) ಪ್ಲೇಟ್ ಇಲ್ಲದಿದ್ದರೆ ಅದು, ಇವನ್ನೆಲ್ಲ ಒಂದೊಂದಾಗಿ ಕಳೆಯಿರಿ. ಒಟ್ಟಿಗೆ "ಐವತ್ತು ಸಾವಿರ ಕಮ್ಮಿ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ.

8. ದುಡ್ಡು ಮತ್ತು ಹೆಸರು ಬದಲಾವಣೆ

ನಗದು ಕೊಡಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಡೀಲರ್ ಮೂಲಕ ಆದರೆ ಅವರ ಬಳಿ ಆರ್‌ಟಿಓ ಕೊಟ್ಟ ಅಧಿಕಾರ ಪತ್ರ ಇದೆಯಾ ಕೇಳಿ, 2023ರ ಏಪ್ರಿಲ್‌ನಿಂದ ಅದು ಬೇಕು.

ಬೇಕಾದ ಕಾಗದ: ಫಾರಂ 29 (ಮಾರಿದ್ದೇನೆ ಅಂತ ಹೇಳುವುದು), ಫಾರಂ 30 (ಹೆಸರು ಬದಲಿಸಿ ಅಂತ ಕೇಳುವುದು), ಎಚ್‌ಪಿ ಇದ್ದರೆ ಫಾರಂ 35, ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ. ಜೊತೆಗೆ ಮೂಲ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಇಬ್ಬರ ಗುರುತಿನ ಚೀಟಿ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು.

ಇಲ್ಲಿನ ದೊಡ್ಡ ಗುಂಡಿ ಯಾವುದು ಅಂದರೆ "ಸಹಿ ಮಾಡಿದ ಖಾಲಿ ಫಾರಂ ಇದೆ ಸರ್, ಆರಾಮಾಗಿ ಮಾಡಿಸಿಕೊಳ್ಳಿ" ಅನ್ನುವ ಮಾತು. ಮೊದಲ ಮಾಲೀಕ ಪುಣೆಯಲ್ಲೋ ದುಬೈಯಲ್ಲೋ ಇರುತ್ತಾನೆ. ಒಂದು ಸಹಿ ಹೊಂದದಿದ್ದರೆ, ಒಂದು ಓಟಿಪಿ ಬೇಕಾದರೆ ನೀವು ಯಾರ ಬಾಗಿಲು ತಟ್ಟುತ್ತೀರಿ? ಒಪ್ಪಂದದಲ್ಲಿ ಒಂದು ಮೊತ್ತ ಹಿಡಿದಿಡಿ, ಹೆಸರು ಬದಲಾದ ದಿನ ಕೊಡಿ.

ಗಾಡಿ ಕೈಗೆ ಬಂದಾಗ ದಿನಾಂಕದ ಜೊತೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿ. ಅದಕ್ಕೂ ಮುಂಚಿನ ದಂಡ ಅವರದು, ಆಮೇಲಿನದು ನಿಮ್ಮದು.

9. ಮನೆಗೆ ಬಂದ ಮೇಲೆ

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ಎನ್‌ಸಿಬಿ ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಆ ವ್ಯತ್ಯಾಸದ ದುಡ್ಡು ನೀವೇ ಕಟ್ಟಬೇಕು. ಅವರ ಫಾಸ್ಟ್ಯಾಗ್ ಮುಚ್ಚಿಸಿ ಹೊಸದು ತಗೊಳ್ಳಿ.

ಎರಡನೇ ಕೀ ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ಈಗಿನ ಕೀಗಳಲ್ಲಿ ಚಿಪ್ ಇರುತ್ತದೆ, ಬೀದಿ ಬದಿಯಲ್ಲಿ ಮಾಡಿಸುವ ಹಾಗಿಲ್ಲ. ಒಂದೇ ಕೀ ಇದ್ದರೆ ಇನ್ನೊಂದು ಯಾರ ಹತ್ತಿರ ಇದೆ ಅನ್ನುವ ಯೋಚನೆಯೂ ಇರಲಿ.

ಮೊದಲ ವಾರದಲ್ಲೇ ಆಯಿಲ್, ಎಲ್ಲಾ ಫಿಲ್ಟರ್, ಕೂಲೆಂಟ್, ಬ್ರೇಕ್ ಆಯಿಲ್ ಬದಲಿಸಿ, ಹಿಂದಿನವರು ಏನೇ ಹೇಳಿರಲಿ. ಜೊತೆಗೆ ಡಿಕ್ಕಿ ತೆರೆದು ಜಾಕ್, ಪಾನಾ, ಸ್ಟೆಪ್ನಿ ಮೂರೂ ಇವೆಯಾ ನೋಡಿ. ಹಗಲಿನಲ್ಲಿ, ಮನೆಯ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ. ಹುಮ್ನಾಬಾದ್ ರಸ್ತೆಯಲ್ಲಿ ರಾತ್ರಿ ಹನ್ನೊಂದಕ್ಕೆ ಪಂಕ್ಚರ್ ಆದಾಗ ಆ ಜಾಕ್ ಬೇರೆ ಗಾಡಿಯದು ಅಂತ ಗೊತ್ತಾಗಬಾರದು ನೋಡಿ.